ಒಂಬತ್ತನೆಯ ಪ್ರಶ್ನೆ

ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಆ ವರ್ಷದ ಬೇಸಿಗೆ ರಜೆ ಕೈಬಿಟ್ಟುಹೋಯಿತು. ತೆಕ್ಕಟ್ಟೆಯ ಹತ್ತಿರದ ಒಂದು ಪ್ರಾಥಮಿಕ ಶಾಲೆಯಲ್ಲಿ ಆಗ ನಾನು ಟೀಚರು. ಮದುವೆಯಾಗಿರಲಿಲ್ಲ, ಹಾಗಾಗಿ ರಜೆಯಲ್ಲಿ ನನಗೆ ಮಾಡಲು ಕೆಲಸವಿಲ್ಲವೆಂದು ಊರೆಲ್ಲ ತೀರ್ಮಾನಿಸಿಬಿಟ್ಟಿತ್ತು. ಹೆಡ್ಮಾಸ್ತರರು ಕರೆದು, ಸರ್ಕಾರದ ಒಂದು ಸಮೀಕ್ಷೆ ಇದೆ, ಮನೆಮನೆಗೆ ಹೋಗಿ ಫಾರಂ ತುಂಬಬೇಕು, ನಿಮ್ಮ ಹೆಸರು ಕೊಟ್ಟಿದ್ದೇನೆ ಎಂದರು. ಕೇಳಿದ್ದಲ್ಲ, ಹೇಳಿದ್ದು. ನಾನು ಮುಖ ಗಂಟು ಹಾಕಿಕೊಂಡೇ ಒಪ್ಪಿದೆ. ಒಳಗೊಳಗೆ ಮಾತ್ರ ಖುಷಿಯಾಗಿತ್ತು, ಏಕೆಂದರೆ ಅಂಥ ಕೆಲಸಕ್ಕೆ ನಮ್ಮ ಕಡೆ ಹೆಂಗಸರನ್ನು ಕರೆದದ್ದು ಅಲ್ಲಿಯವರೆಗೆ ನಾನು ಕಂಡಿರಲಿಲ್ಲ. ಆ ಖುಷಿಯನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹೊಸ ಕಾನೂನು ಬರುತ್ತದೆ ಎಂಬ ಮಾತು ಕುಂದಾಪುರದ ಬಸ್ ಸ್ಟ್ಯಾಂಡಿನಿಂದ ಬಾರ್ಕೂರಿನ ದೋಣಿ ಕಡವಿನವರೆಗೆ ಎಲ್ಲರ ಬಾಯಲ್ಲೂ ಇತ್ತು. ಗೇಣಿಗೆ ಗದ್ದೆ ಮಾಡುವವರಿಗೇ ಆ ಗದ್ದೆ ಆಗಿಬಿಡುತ್ತದಂತೆ. ನಮ್ಮಲ್ಲಿ ಗೇಣಿ ಎಂದರೆ ಇಷ್ಟೇ: ಗದ್ದೆಯ ಪಟ್ಟೆ ಒಡೆಯನ ಹೆಸರಿನಲ್ಲಿ, ಉತ್ತು ಬಿತ್ತಿ ಕೊಯ್ಯುವುದು ಒಕ್ಕಲು, ಬೆಳೆದದ್ದರಲ್ಲಿ ಮಾತಾದಷ್ಟು ಅಕ್ಕಿ ಒಡೆಯನ ಮನೆಗೆ. ಕೆಲವರ ಬಳಿ ಚೀಟಿ ಇತ್ತು, ಎಷ್ಟೋ ಮಂದಿಯ ಬಳಿ ಮಾತು ಬಿಟ್ಟರೆ ಬೇರೇನೂ ಇರಲಿಲ್ಲ. ಅಂಥ ಗದ್ದೆಗಳಿಗೆ ಕಾನೂನು ಕೈಹಾಕಿದರೆ ಯಾರ ಒಲೆ ಉರಿದೀತು, ಯಾರದು ಆರೀತು ಎಂದು ಮೊದಲೇ ತಿಳಿದುಕೊಳ್ಳಲು ಆ ಫಾರಂ ಅಚ್ಚಾಗಿತ್ತು.

ಕುಂದಾಪುರದ ಒಂದು ಶಾಲೆಯ ಕೋಣೆಯಲ್ಲಿ ನಮಗೆ ಒಂದು ದಿನದ ತರಬೇತಿ. ಹೇಳಿಕೊಟ್ಟ ಮೇಲ್ವಿಚಾರಕರು ಘಟ್ಟದ ಮೇಲಿನವರು, ನಮ್ಮ ಭಾಷೆ ಅವರಿಗೆ ಅರ್ಧ ಅರ್ಥವಾಗುತ್ತಿತ್ತು, ಅರ್ಧ ನಗು ತರಿಸುತ್ತಿತ್ತು. ಒಳ್ಳೆಯ ಮನುಷ್ಯ. ಒಂದು ಮಾತನ್ನು ಮಾತ್ರ ಮೇಜು ಕುಟ್ಟಿ ಕುಟ್ಟಿ ಹೇಳಿದರು. "ಅವರು ಏನು ಹೇಳ್ತಾರೋ ಅದನ್ನೇ ಬರೀಬೇಕು. ನಿಮಗೆ ಗೊತ್ತಿರೋದು ಬೇಡ, ನಿಮ್ಮ ಅಭಿಪ್ರಾಯ ಬೇಡ." ನಾನು ಅದನ್ನು ನೋಟುಪುಸ್ತಕದಲ್ಲಿ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದೆ. ಫಾರಮ್ಮಿನ ಒಂಬತ್ತನೆಯ ಪ್ರಶ್ನೆ ಹೀಗಿತ್ತು: ಈ ಜಮೀನನ್ನು ಸಾಗುವಳಿ ಮಾಡುವವರು ಯಾರು? ಕೊನೆಯದು ಹೀಗೆ: ಬರಲಿರುವ ಕಾನೂನಿನಿಂದ ನಿಮ್ಮ ಕುಟುಂಬಕ್ಕೆ ಆಗಬಹುದಾದ ಲಾಭ ಅಥವಾ ನಷ್ಟವೇನು? ಉತ್ತರದ ಕೆಳಗೆ ಸಹಿ, ಸಹಿ ಬಾರದವರದು ಹೆಬ್ಬೆಟ್ಟು. ಕಾರ್ಬನ್ ಹಾಕಿ ಎರಡು ಪ್ರತಿ ಮಾಡಬೇಕು, ಒಂದು ಕಚೇರಿಗೆ, ಇನ್ನೊಂದು ಜಮೀನಿನ ಪಟ್ಟೆ ಯಾರ ಹೆಸರಿನಲ್ಲಿದೆಯೋ ಅವರಿಗೆ.

ಪಟ್ಟೆದಾರರಿಗೆ ಯಾಕೆ ಎಂದು ನಾವು ಯಾರೂ ಕೇಳಲಿಲ್ಲ. ಊಟದ ಹೊತ್ತಾಗಿತ್ತು.

ಇನ್ನು ನಮ್ಮ ಮನೆಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮದು ಅಳಿಯಸಂತಾನದ ಕಟ್ಟು, ಆಸ್ತಿ ತಾಯಿಯಿಂದ ಮಗಳಿಗೆ ಇಳಿಯುತ್ತದೆ, ನೋಡಿಕೊಳ್ಳುವವರು ಸೋದರಮಾವ. ನನ್ನ ತಾಯಿ ನಾನು ಚಿಕ್ಕವಳಿರುವಾಗಲೇ ಹೋದರು. ಮನೆಯಲ್ಲಿ ಉಳಿದದ್ದು ಮಾವ ಮತ್ತು ನಾನು. ಮಾವ ದನಿ ಎತ್ತಿ ಮಾತಾಡಿದವರಲ್ಲ. ನಮ್ಮ ಜಿಲ್ಲೆ ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರಿದಾಗ ನಾನು ಹತ್ತು ಹನ್ನೊಂದರವಳು. ಜಗಲಿಯಲ್ಲಿ ಕೂತವರೆಲ್ಲ ಇನ್ನು ಹೇಗೋ ಏನೋ ಎಂದು ಗಾಬರಿ ಬಿದ್ದಿದ್ದರೆ, ಮಾವ ಎಲೆಗೆ ಸುಣ್ಣ ಸವರುತ್ತ, "ಸರ್ಕಾರ ಬದ್ಲಾರೆ ಎಂತ? ಗದ್ದಿ ಇಲ್ಲೇ ಇರತ್ತಲ್ಲ" ಎಂದಿದ್ದರು. ಅಷ್ಟಕ್ಕೇ ಎಲ್ಲರಿಗೂ ಸಮಾಧಾನವಾಗಿತ್ತು.

ಈ ಸಲ ಅವರು ಅಂಥ ಮಾತು ಆಡಲಿಲ್ಲ. ಪೇಪರನ್ನು ಮೊದಲಿಗಿಂತ ನಿಧಾನವಾಗಿ ಓದತೊಡಗಿದರು. ಸಂಜೆ ಕೋಲು ಹಿಡಿದು ಗದ್ದೆಯ ಕಡೆ ನಡೆದುಬರುವುದು ಶುರುವಾಯಿತು. ಅಲ್ಲಿಯವರೆಗೆ ನಮ್ಮ ಗದ್ದೆಗಳ ಗಡಿ ಅವರಿಗೆ ಕಾಗದದಲ್ಲಿ ಗೊತ್ತಿತ್ತೇ ಹೊರತು ಕಾಲಿಗೆ ಗೊತ್ತಿರಲಿಲ್ಲ. ಮಾಘದ ಹೊತ್ತಿಗೆ ಬೈಂದೂರಿನ ಕಡೆಯಿಂದ ಒಂದು ಜೋಡಿ ಕೋಣ ಬಂದವು. ದನದ ಹಟ್ಟಿಯ ಮೂಲೆಯಲ್ಲಿ ಹೊಸ ನೇಗಿಲು ಬಂದು ನಿಂತಿತು. ನಮ್ಮ ಗದ್ದೆಗಳೆಲ್ಲ ಮೂರು ಒಕ್ಕಲು ಮನೆಗಳಲ್ಲಿ ಇದ್ದವು, ನಾವು ಉಳುವುದು ಅಂಗಳದಷ್ಟೂ ಇರಲಿಲ್ಲ. "ಮಾವ, ಕೋಣ ಯಾಕೆ?" ಎಂದು ಕೇಳಿದೆ. "ಚೆಂದ ಕಂಡ್ತ್, ತಕಂಡೆ" ಎಂದರು. ಚೆಂದ ಕಂಡಿತೆಂದು ಸೀರೆ ಕೊಳ್ಳುವವರಿದ್ದಾರೆ, ಕೋಣ ಕೊಳ್ಳುವವರನ್ನು ನಾನು ನೋಡಿದ್ದು ಅದೇ ಮೊದಲು. ನಕ್ಕು ಸುಮ್ಮನಾದೆ.

ಮೂರು ಒಕ್ಕಲುಗಳಲ್ಲಿ ಇಬ್ಬರ ಬಳಿ ಅಜ್ಜನ ಕಾಲದ ಗೇಣಿಚೀಟಿ ಇತ್ತು. ಮೂರನೆಯದು ಬೈಲುಮನೆ. ಆ ಮನೆಯಾಕೆಯ ಬಳಿ ಚೀಟಿ ಇರಲಿಲ್ಲ, ಇದ್ದದ್ದು ಒಂದು ಕ್ರಮ. ಮಳೆಗೆ ಮೊದಲು, ಬಿತ್ತನೆಯ ಹೊತ್ತಿಗೆ, ಅವಳು ಖಾಲಿ ಗೆರಸಿ, ಅಂದರೆ ಮೊರ, ಹಿಡಿದು ನಮ್ಮ ಅಂಗಳಕ್ಕೆ ಬರುವಳು. ಮಾವ ಕಣಜದಿಂದ ಒಂದು ಹಿಡಿ ಬೀಜದ ಭತ್ತ ತಂದು ಆ ಗೆರಸಿಗೆ ಹಾಕುವರು. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಹೋಗುವಳು. ಮಾತಿಲ್ಲ ಕತೆಯಿಲ್ಲ. ಆ ಒಂದು ಹಿಡಿ ಬಿದ್ದರೆ ಆ ವರ್ಷ ಗದ್ದೆ ಅವಳದ್ದು. ಅವಳ ಅತ್ತೆಯ ಕಾಲದಿಂದ ಒಂದು ವರ್ಷವೂ ಅದು ತಪ್ಪಿರಲಿಲ್ಲ.

ಸಮೀಕ್ಷೆ ಶುರುವಾದ ಮೊದಲ ವಾರ ನಾನು ಕಂಡದ್ದೆಲ್ಲ ತಮಾಷೆಯೇ. ಫಾರಂ ಕಂಡೊಡನೆ ಕೋಳಿಗೂಡಿಗೆ ಬಟ್ಟೆ ಮುಚ್ಚಿದವರಿದ್ದರು, ಕೋಳಿಗೆ ತೆರಿಗೆ ಬರುತ್ತದೆಂದು. ಒಬ್ಬ ಅಜ್ಜ ತನ್ನ ವಯಸ್ಸು ಕೇಳಿದ್ದಕ್ಕೆ, "ನೀವೇ ಕಂಡ್ಕಂಡ್ ಹಾಕಿ" ಎಂದು ಮುಖ ಮುಂದೆ ಮಾಡಿದ. ಒಂಬತ್ತನೆಯ ಪ್ರಶ್ನೆಗೆ ಬಂದಾಗ ಮಾತ್ರ ಎಲ್ಲ ಒಕ್ಕಲು ಮನೆಗಳಲ್ಲೂ ಒಂದೇ ಉತ್ತರ. ಗದ್ದೆ ಮಾಡುವವರು ಯಾರು? ಒಡೇರು.

ಇದು ಸುಳ್ಳಲ್ಲ, ಹೆದರಿಕೆಯೂ ಅಲ್ಲ. ನಮ್ಮ ಕಡೆ ಒಕ್ಕಲಾದವರು ಗದ್ದೆಯನ್ನು ನನ್ನದು ಎನ್ನುವುದಿಲ್ಲ, ನಾನು ಮಾಡಿದೆ ಎಂದೂ ಹೇಳುವುದಿಲ್ಲ. ಹಾಗೆ ಹೇಳುವುದು ಊಟಕ್ಕೆ ಕರೆದವರ ಮನೆಯಲ್ಲಿ ಸೌಟಿಗೆ ಕೈಹಾಕಿದಂತೆ. ಮೊಣಕಾಲವರೆಗೆ ಕೆಸರಲ್ಲಿ ನಿಂತು ನಾಟಿ ಮಾಡುತ್ತಿರುವವಳನ್ನು ಕೇಳಿದರೂ, "ಒಡೇರ ನಟ್ಟಿ" ಎಂದೇ ಹೇಳುತ್ತಾಳೆ. ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು, ಅದು ಮರ್ಯಾದೆಯ ಮಾತು. ಗೊತ್ತಿಲ್ಲದ್ದು ಕಾಗದಕ್ಕೆ ಮಾತ್ರ.

ಆ ವಾರವಿಡೀ ನಾನು ಅವರ ಮಾತನ್ನು ಬದಿಗಿಟ್ಟು, ನನಗೆ ಗೊತ್ತಿದ್ದಂತೆ, ಸಾಗುವಳಿ ಮಾಡುವವರು ಒಕ್ಕಲು ಎಂದೇ ಬರೆದೆ. ವಾರದ ಕೊನೆಗೆ ಮೇಲ್ವಿಚಾರಕರು ಕೋಟಕ್ಕೆ ಬಂದು ಫಾರಂಗಳನ್ನು ನೋಡಿದರು. "ಇದು ಅವರು ಹೇಳಿದ್ದಾ?" ಎಂದರು. "ಅಲ್ಲ ಸರ್, ಅವರು ಒಡೇರು ಅಂತಾರೆ, ಆದರೆ ಅದು ಹಾಗಲ್ಲ" ಎಂದೆ. ಅವರು ಕೆಂಪು ಶಾಯಿಯಲ್ಲಿ ಅಷ್ಟನ್ನೂ ಹೊಡೆದುಹಾಕಿದರು. ಎಲ್ಲರ ಮುಂದೆಯೇ, ಟೀಚರಿಗೆ ಕಾಪಿ ಬರೆಯಲು ಬರುವುದಿಲ್ಲವೇ ಎಂದರು. ಮಕ್ಕಳ ಕಾಪಿಪುಸ್ತಕಕ್ಕೆ ಕೆಂಪು ಗೆರೆ ಎಳೆದೇ ಅನ್ನ ತಿನ್ನುವವಳು ನಾನು, ನನ್ನ ಬರಹದ ಮೇಲೆ ಯಾರೂ ಗೆರೆ ಎಳೆದಿರಲಿಲ್ಲ. ಆಯಿತು, ಇನ್ನು ಅವರು ಹೇಳಿದ್ದನ್ನು ಹೇಳಿದ ಹಾಗೆ ಬರೆಯುತ್ತೇನೆ ಎಂದು ಹಟ ಹಿಡಿದೆ. ಆ ಮನುಷ್ಯನಿಗೆ ನಮ್ಮ ಊರು ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ತಪ್ಪು ಯಾರದು ಎಂದು ನಿರ್ಣಯಿಸಲು ಅಷ್ಟು ಸಾಕು.

ಬೈಲುಮನೆಗೆ ಹೋದದ್ದು ಅದರ ಮರುವಾರ. ಹಿಂದಿನ ಸಂಜೆ ಮಾವ ಊಟದ ಎಲೆಯ ಮುಂದೆ ಕೂತು ಕೇಳಿದರು. "ನಾಳೆ ಬೈಲ್ಮನಿಗೆ ಹೋತ್ಯಾ ಹೆಣೆ?"

"ಹೌದು ಮಾವ."

"ಅವ್ಳ್ ಎಂತ ಹೇಳ್ತಳೋ ಅದನ್ನೇ ಬರಿ. ನಮ್ಮದ್ ಅಂತ ಒಂದಕ್ಷರ ಹೆಚ್ಚೂ ಬ್ಯಾಡ, ಕಮ್ಮಿಯೂ ಬ್ಯಾಡ."

ಎಷ್ಟು ನ್ಯಾಯವಂತರು ನನ್ನ ಮಾವ ಎಂದು ಆಗ ಅನಿಸಿತು. ಹಟ್ಟಿಯಲ್ಲಿ ಕೋಣಗಳು ಗೂಟಕ್ಕೆ ಮೈ ತಿಕ್ಕುತ್ತಿದ್ದದ್ದು ಕೇಳುತ್ತಿತ್ತು.

ಬೈಲುಮನೆ ನಮ್ಮ ಮನೆಯಿಂದ ಕೆಳಗೆ, ಹೊಳೆಯ ಬದಿಗೆ. ಬೇಸಿಗೆಯಲ್ಲಿ ಸಮುದ್ರ ಉಬ್ಬಿದಾಗ ಆ ಹೊಳೆಗೆ ಉಪ್ಪುನೀರು ಏರುತ್ತದೆ. ಹೊಳೆಗೂ ಗದ್ದೆಗೂ ನಡುವೆ ಇರುವುದು ಒಂದು ಮಣ್ಣಿನ ದಂಡೆ. ಆ ದಂಡೆಯಲ್ಲಿ ಏಡಿಗಳು ಬಿಲ ತೋಡುತ್ತವೆ, ಬಿಲದಿಂದ ಉಪ್ಪು ಒಳಗೆ ಬರುತ್ತದೆ, ಒಂದು ಸಲ ಉಪ್ಪು ಕುಡಿದ ಗದ್ದೆ ಸುಧಾರಿಸಲು ವರ್ಷಗಟ್ಟಲೆ ಬೇಕು. ಬೈಲುಮನೆಯಾಕೆ ದಿನಾ ಬೆಳಿಗ್ಗೆ ಒಂದು ಬುಟ್ಟಿ ಕೆಸರು ಹೊತ್ತು ಆ ದಂಡೆಯ ಉದ್ದಕ್ಕೂ ನಡೆಯುತ್ತಿದ್ದಳು, ಬಿಲ ಕಂಡಲ್ಲಿ ಕಾಲಲ್ಲಿ ಮೆಟ್ಟಿ ಮುಚ್ಚುತ್ತಿದ್ದಳು. ಗಂಡ ಹೋಗಿ ಎಷ್ಟೋ ವರ್ಷವಾಗಿತ್ತು, ಒಬ್ಬಳೇ ಮಗಳನ್ನು ಬೈಂದೂರಿನ ಕಡೆಗೆ ಕೊಟ್ಟಾಗಿತ್ತು. ಶಾಲೆಯಿಂದ ಬರುವ ದಾರಿಯಲ್ಲಿ ಅವಳು ಸುಟ್ಟುಕೊಟ್ಟ ಗೆಣಸು ತಿಂದು ಬೆಳೆದವಳು ನಾನು. ಆದರೂ ನಾನು ಅವಳನ್ನು ನೀನು ಎನ್ನುವುದು, ಅವಳು ನನ್ನನ್ನು ನೀವು ಎನ್ನುವುದು. ಅದು ನನಗೆ ಆಗ ವಿಚಿತ್ರವಾಗಿ ಕಂಡಿರಲಿಲ್ಲ.

"ಹ್ವಾಯ್, ಅಮ್ಮ ಬಂದ್ರಾ? ಬನ್ನಿ, ಚಾಪಿ ಹಾಕ್ತೆ, ಕೂಕಣಿ" ಎಂದು ದಂಡೆಯ ಮೇಲಿಂದಲೇ ಕೂಗಿದಳು. ಬಂದು ಕೂತಾಗ ಮೊಣಕೈವರೆಗೆ ಕೆಸರು. "ಎಂತ ಬರ್ಕಂಬುದ್? ನಂಗ್ ಮದಿ ಮಾಡ್ಸುಕ್ ಹೊರಟ್ರಾ ಎಂತ ಕತಿ?"

ಅವಳ ಮದುವೆಯ ಮಾತಿಗೆ ಇಬ್ಬರೂ ನಕ್ಕೆವು. ಮನೆಯಲ್ಲಿ ಎಷ್ಟು ಜನ, ಒಲೆ ಎಷ್ಟು, ಹಸು ಎಷ್ಟು ಎಂದೆಲ್ಲ ಕೇಳಿ ಬರೆದೆ. ಒಂಬತ್ತನೆಯ ಪ್ರಶ್ನೆ ಬಂತು. "ಈ ಗದ್ದೆ ಸಾಗುವಳಿ ಮಾಡುವವರು ಯಾರು?"

ಅವಳಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಯಾರಂದ್ರೆ? ಒಡೇರ್. ಒಡೇರದ್ದೇ ಗದ್ದಿ, ಒಡೇರೇ ಮಾಡ್ಸೂದ್. ನಾವೆಂತ, ಅವ್ರ ಅನ್ನ ಉಂಡ್ಕಂಡ್ ಇಪ್ಪೋರ್."

ನನ್ನ ಪೆನ್ನು ಒಂದು ಗಳಿಗೆ ನಿಂತಿತು. ಅವಳ ಬೆರಳ ಸಂದಿಯಿಂದ ಕೆಸರು ಒಣಗಿ ಚಾಪೆಯ ಮೇಲೆ ಉದುರುತ್ತಿತ್ತು. ಬೇರೆ ಥರದಲ್ಲಿ ಕೇಳಬಹುದಿತ್ತು. ನೇಗಿಲು ಕಟ್ಟುವವರು ಯಾರು, ದಂಡೆಗೆ ಮಣ್ಣು ಹಾಕುವವರು ಯಾರು, ಕೊಯ್ಲಿಗೆ ಆಳು ಕರೆಯುವವರು ಯಾರು ಎಂದು ಕೇಳಿದ್ದರೆ ಅವಳೇ ನಗುತ್ತ ಎಲ್ಲ ಹೇಳುತ್ತಿದ್ದಳು. ಇಲ್ಲವೇ ನಾನೇ, ಹಾಗಲ್ಲ ಮಾರಾಯ್ತಿ, ಇದು ಕಾನೂನಿನ ಕಾಗದ, ಇಲ್ಲಿ ನಿನ್ನ ಹೆಸರು ಹೇಳು ಎನ್ನಬಹುದಿತ್ತು. ಕೆಂಪು ಶಾಯಿ ನೆನಪಾಯಿತು. ಬರೆದೆ. ಒಡೆಯರು. ದುಂಡಗೆ, ಕಾರ್ಬನ್ನಿನಲ್ಲಿ ಚೆನ್ನಾಗಿ ಮೂಡುವಂತೆ ಒತ್ತಿ ಬರೆದೆ.

ಕೊನೆಯ ಪ್ರಶ್ನೆಗೆ ಅವಳು, "ಕಾನೂನ್ ಎಲ್ಲ ದೊಡ್ಡೋರಿಗೆ. ಒಡೇರ್ ಇಪ್ಪತಿಗೆ ನಂಗೆಂತ ನಷ್ಟ ಬತ್ತ್?" ಎಂದಳು. ಒಡೆಯರಿರುವಾಗ ನಷ್ಟವಿಲ್ಲ ಎಂದು ಅದನ್ನೂ ಬರೆದೆ. ಹೆಬ್ಬೆಟ್ಟು ಒತ್ತಿಸಲು ಹೋದರೆ ಬೆರಳು ಒಡೆದು ಒಡೆದು ಗೆರೆಯೇ ಇರಲಿಲ್ಲ, ಶಾಯಿ ಹಿಡಿಯಲಿಲ್ಲ. ಕೈ ತೊಳೆಸಿ, ಕೊಬ್ಬರಿ ಎಣ್ಣೆ ಸವರಿ ಒರೆಸಿ, ಅವಳ ಬೆರಳನ್ನು ನನ್ನ ಕೈಯಲ್ಲೇ ಹಿಡಿದು ಒತ್ತಿದೆ. ಮೂರನೆಯ ಸಲಕ್ಕೆ ಸರಿಯಾಗಿ ಮೂಡಿತು. "ಲಾಯ್ಕ್ ಬಂತಾ ಅಮ್ಮ?" ಎಂದು ಕೇಳಿದಳು.

ನಿಯಮದಂತೆ ಪಟ್ಟೆದಾರರ ಪ್ರತಿಗಳನ್ನು ಮಾವನಿಗೆ ಕೊಟ್ಟೆ. ಮೂರು ಫಾರಂ. ಅವರು ಕನ್ನಡಕ ಹಾಕಿಕೊಂಡು ಮೂರರಲ್ಲೂ ಒಂದೊಂದೇ ಜಾಗ ನೋಡಿದರು. ಚೀಟಿ ಇದ್ದ ಇಬ್ಬರದನ್ನು ಬದಿಗಿಟ್ಟರು. ಬೈಲುಮನೆಯದನ್ನು ಮಡಿಸಿ, ಪಟ್ಟೆ ಇಡುವ ಮರದ ಪೆಟ್ಟಿಗೆಯಲ್ಲಿ ಹಾಕಿ ಬೀಗ ತಿರುಗಿಸಿದರು. "ನಿನ್ನ ಅಕ್ಷರ ಲಾಯ್ಕಿತ್ತ್ ಹೆಣೆ" ಎಂದರು. ಅವರು ಯಾರನ್ನೂ ಸುಲಭಕ್ಕೆ ಹೊಗಳುವವರಲ್ಲ. ಕೋಣ, ನೇಗಿಲು, ಸಂಜೆಯ ನಡಿಗೆ, ಆ ಬೀಗ ಎಲ್ಲ ಒಂದಕ್ಕೊಂದು ತಾಗಿ ನಿಂತದ್ದು ಆಗಲೇ. ಆದರೂ ನಾನು ಬಾಯಿ ತೆರೆಯಲಿಲ್ಲ. ಮಾವ ಹಾಗೆ ಮಾಡುವವರಲ್ಲ ಎಂದು ನನಗೆ ನಾನೇ ಹೇಳಿಕೊಂಡೆ, ದಿನಕ್ಕೆ ನಾಲ್ಕು ಸಲ ಹೇಳಿಕೊಂಡೆ. ಹಾಗೆ ಮಾಡುವವರಲ್ಲ ಎಂಬುದು ಖಂಡಿತವಾಗಿದ್ದರೆ ಒಂದು ಸಲ ಸಾಕಿತ್ತು.

ಬಿತ್ತನೆಯ ದಿನಗಳು ಬಂದವು. ಸಮುದ್ರದ ಕಡೆಯಿಂದ ಮೋಡ ಏಳತೊಡಗಿತ್ತು, ಗಾಳಿ ಬಿದ್ದುಹೋಗಿ ಮೈಯೆಲ್ಲ ಅಂಟು. ಬೆಳಿಗ್ಗೆ ಬೈಲುಮನೆಯಾಕೆ ಗೆರಸಿ ಹಿಡಿದು ಅಂಗಳದಲ್ಲಿ ಬಂದು ನಿಂತಳು. ಸೆಗಣಿ ಸಾರಿಸಿ ಒಣಗಿಸಿದ ಗೆರಸಿ. ಮಾವ ಜಗಲಿಯಲ್ಲೇ ಕೂತಿದ್ದರು, ಏಳಲಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ. ಅವಳು ಮಾವನಿಗೆ ಕಂಡಿಲ್ಲವೇನೋ ಎಂದು ಮೆಲ್ಲಗೆ ಕೆಮ್ಮಿದಳು.

"ಈ ಸರ್ತಿ ಬೀಜ ನಾವೇ ಹಾಕ್ತ್" ಎಂದರು ಮಾವ. "ಕೋಣ ಬಂದಿತ್ತಲ್ಲ. ನಿಂಗೂ ಪ್ರಾಯ ಆಯ್ತ್. ಮಗಳ ಮನೀಗ್ ಹೋಯ್ ಆರಾಮಾಯ್ ಇರ್." ಮಾತಿನಲ್ಲಿ ಸಿಟ್ಟಿರಲಿಲ್ಲ. ಕಾಯಿಲೆಯವರನ್ನು ವಿಚಾರಿಸುವ ದನಿ.

ಅವಳು ಮಾವನ ಮುಖ ನೋಡಿದಳು, ಹಟ್ಟಿಯ ಕಡೆ ನೋಡಿದಳು. "ಆಯ್ತ್ ಒಡೇರೆ" ಎಂದಳು.

ನನಗೆ ತಡೆಯಲಾಗಲಿಲ್ಲ. ಹೊರಗೆ ಬಂದು, "ಎಂತ ಹೇಳ್ತ್ರಿ ಮಾವ? ಗದ್ದೆ ಮಾಡ್ಕಂಡ್ ಬಂದದ್ದ್ ಅವಳಲ್ದಾ?" ಎಂದೆ. ಆ ಮನೆಯಲ್ಲಿ ಮಾವನಿಗೆ ಎದುರು ಮಾತಾಡಿದ್ದು ಅದೇ ಮೊದಲು.

ಮಾವ ನನ್ನ ಕಡೆ ತಿರುಗಲೇ ಇಲ್ಲ. ಅವಳನ್ನೇ ಕೇಳಿದರು. "ನೀನೇ ಹೇಳ್. ಗದ್ದಿ ಮಾಡದ್ದ್ ಯಾರ್?"

ಅವಳು ಗೆರಸಿಯನ್ನು ಎದೆಗೆ ಒತ್ತಿ ಹಿಡಿದಿದ್ದಳು. ಕಣ್ಣಲ್ಲಿ ನೀರು ತುಂಬಿತ್ತು. ಅಷ್ಟಾದರೂ ಒಡೆಯನ ಅಂಗಳದಲ್ಲಿ, ಅವರ ಮುಖದ ಮುಂದೆ ಬೇರೆ ಮಾತು ಅವಳ ಬಾಯಿಂದ ಬರುವಂತಿರಲಿಲ್ಲ. "ಒಡೇರೇ ಮಾಡದ್ದ್" ಎಂದಳು. ಸೆರಗಿನಲ್ಲಿ ಮುಖ ಒರೆಸಿಕೊಂಡು ಮೆಟ್ಟಿಲಿಳಿದು ಹೋದಳು. ಖಾಲಿ ಗೆರಸಿಯನ್ನು ತಲೆಯ ಮೇಲೆ ಕವುಚಿ ಹಿಡಿದಿದ್ದಳು, ಮಳೆ ಇನ್ನೂ ಬಂದಿರಲಿಲ್ಲ.

ಮಾವ ಒಳಗೆ ಹೋಗಿ ಪೆಟ್ಟಿಗೆಯಿಂದ ಕಾಗದ ತಂದು ನನ್ನ ಮುಂದೆ ಹರಡಿದರು. "ಇದ್ ಯಾರ್ ಬರದ್ದ್?" ಒಂಬತ್ತನೆಯ ಸಾಲಿನ ಮೇಲೆ ಬೆರಳಿಟ್ಟರು. "ನಾಳೆ ಕಾನೂನ್ ಬಂದ್ರೆ ಕೇಂಬೋರಿಗೆ ಇದ್ ಸಾಕ್. ಅವಳ ಹೆಬ್ಬೆಟ್ಟ್, ನಿನ್ನ ಅಕ್ಷರ. ನಾನ್ ಯಾರಿಗೂ ಸುಳ್ಳ್ ಹೇಳ್ಲಿಲ್ಲ." ಮತ್ತೆ ಮೆತ್ತಗೆ ಹೇಳಿದರು. "ಇದೆಲ್ಲ ಯಾರಿಗಾಯ್ ಮಾಡದ್ದ್ ಹೆಣೆ? ನಂಗೆ ಹೆಂಡ್ತಿಯಾ, ಮಕ್ಕಳಾ? ನಾಳಿಗೆ ಆ ಗದ್ದಿ ಬಪ್ಪುದ್ ನಿನ್ನ ಪಾಲಿಗೆ."

ಅವರನ್ನು ದ್ವೇಷಿಸುವುದು ಸುಲಭವಾಗಿದ್ದರೆ ಎಷ್ಟು ಚೆನ್ನಾಗಿತ್ತು. ಎಂಟು ವರ್ಷದ ಹುಡುಗಿಯನ್ನು ಕೈಹಿಡಿದು ಶಾಲೆಗೆ ಬಿಟ್ಟವರು ಅವರೇ, ಹೆಣ್ಣಿಗೆ ಯಾಕೆ ಓದು ಎಂದವರ ಬಾಯಿ ಮುಚ್ಚಿಸಿ ಟೀಚರ್ ಟ್ರೈನಿಂಗಿಗೆ ಕಳಿಸಿದವರೂ ಅವರೇ. ಆ ಅಕ್ಷರಕ್ಕೆ ಅವರೇ ಅನ್ನ ಹಾಕಿದ್ದರು. ಅವತ್ತು ನಾನು ಊಟ ಮಾಡಲಿಲ್ಲ, ಅವರೂ ಮಾಡಲಿಲ್ಲ.

ಮರುದಿನ ಕೋಟದಲ್ಲಿ ಬಸ್ಸು ಹತ್ತಿ ಬ್ರಹ್ಮಾವರಕ್ಕೆ ಹೋದೆ. ಮೇಲ್ವಿಚಾರಕರು ಆಗ ಅಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಕೂತು ವರದಿ ಬರೆಯುತ್ತಿದ್ದರು. ಬೈಲುಮನೆಯ ಫಾರಂ ತಪ್ಪು, ತಿದ್ದಬೇಕು ಎಂದೆ. ಅವರು ಕುರ್ಚಿ ಎಳೆದು ಕೂರಿಸಿ, ಸಾವಧಾನದಿಂದ ಕೇಳಿದರು. "ಅಮ್ಮಾ, ಒಂದು ಫಾರಂ ತಿದ್ದಿದರೆ ಏನೂ ಆಗಲ್ಲ. ನಮಗೆ ಬೇಕಾಗಿರೋದು ಒಟ್ಟು ಚಿತ್ರ" ಎಂದರು. ಒಟ್ಟು ಚಿತ್ರ ಏನು ಹೇಳುತ್ತದೆ ಎಂದು ಕೇಳಿದೆ. ಅವರು ಬರೆದಿದ್ದ ಹಾಳೆಯನ್ನೇ ಓದಿದರು: ಈ ಭಾಗದಲ್ಲಿ ಒಡೆಯರೇ ಹೆಚ್ಚಾಗಿ ಸ್ವಂತ ಸಾಗುವಳಿ ಮಾಡುತ್ತಿರುವುದರಿಂದ ಕಾನೂನಿನ ಪರಿಣಾಮ ಇಲ್ಲಿ ಅಷ್ಟಾಗಿ ಇರಲಾರದು.

"ಪರಿಣಾಮ ಆಗಲೇ ಆಗಿದೆ ಸರ್, ಕಾನೂನು ಬರುವ ಮೊದಲೇ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಚಾ ತರಿಸಿದರು. ಆ ಚಾ ಕುಡಿದು ಬಂದೆ, ಕುಡಿಯದೆ ಎದ್ದುಬರುವ ಧೈರ್ಯವೂ ಇರಲಿಲ್ಲ.

ಬರುವಾಗ ದಾರಿಯಲ್ಲೇ ಒಂದು ಅರ್ಜಿ ಬರೆದೆ. ಈ ಗದ್ದೆಯನ್ನು ಅತ್ತೆಯ ಕಾಲದಿಂದ ನಾನೇ ಮಾಡಿಕೊಂಡು ಬಂದಿದ್ದೇನೆ, ಸಮೀಕ್ಷೆಯಲ್ಲಿ ತಪ್ಪಾಗಿ ಬರೆಯಲಾಗಿದೆ ಎಂದು. ಅದರ ಕೆಳಗೆ ಬೈಲುಮನೆಯಾಕೆಯ ಹೆಬ್ಬೆಟ್ಟು ಬಿದ್ದರೆ ಮುಂದೆ ಯಾರಾದರೂ ಕೇಳಿಯಾರು ಎಂಬ ಆಸೆ. ನಾನು ಹೋದಾಗ ಅವಳು ಮನೆಯ ಸಾಮಾನು ಕಟ್ಟುತ್ತಿದ್ದಳು. ಎರಡು ಗಂಟು, ಒಂದು ಕಡೆಯುವ ಕಲ್ಲು. ಆ ಮನೆಯೂ ನಮ್ಮ ಜಾಗದ್ದೇ ಆಗಿತ್ತಲ್ಲ. ಅರ್ಜಿ ಓದಿ ಹೇಳಿದೆ. ಅವಳು ತಲೆಯಲ್ಲಾಡಿಸಿದಳು.

"ಅದ್ ನನ್ ಬಾಯಗೆ ಬಪ್ದಿಲ್ಲ ಅಮ್ಮ. ಅವರ ಉಪ್ಪ್ ಉಂಡದ್ದ್."

"ಉಪ್ಪು ನೀನು ತಡೆದದ್ದು, ಉಂಡದ್ದಲ್ಲ" ಎಂದೆ. ಅವಳು ಸಣ್ಣಗೆ ನಕ್ಕಳು. ಆಮೇಲೆ ಗಂಟು ಬಿಟ್ಟು, ನನ್ನ ಎದುರಿಗೆ ಕುಕ್ಕುರುಗಾಲಲ್ಲಿ ಕೂತಳು.

"ಒಂದ್ ಮಾತ್ ಕೇಣ್ಲಾ? ನೀವ್ ಅವತ್ತ್ ಬರ್ಕಂಬತಿಗೆ, ನಾನ್ ಹಾಂಗ್ ಹೇಳೂಕಾಗ ಅಂತ ನಿಮ್ಗೆ ಗೊತ್ತಿತ್ತಾ?"

ನೀನು ಹಾಗೆ ಹೇಳಬಾರದೆಂದು ನನಗೆ ಗೊತ್ತಿರಲಿಲ್ಲ ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು, ನಂಬಲೆಂದೇ ಕೇಳಿದ್ದಳು.

"ಗೊತ್ತಿತ್ತು" ಎಂದೆ.

ಅವಳು ಬೈಯಲಿ ಎಂದು ಕಾದೆ, ಬೈಯಲಿಲ್ಲ. ಒಳಗೆ ಹೋಗಿ ಒಲೆಯ ಮೇಲಿನ ಅಟ್ಟದಿಂದ ಹೊಗೆ ಹಿಡಿದ ಒಂದು ಸಣ್ಣ ಹುಲ್ಲಿನ ಕಟ್ಟು ತಂದು ನನ್ನ ಮಡಿಲಿಗೆ ಹಾಕಿದಳು. ಬೀಜದ ಭತ್ತ. ಮಾವ ಕೊಡುತ್ತಿದ್ದ ಒಂದು ಹಿಡಿ ಬರೀ ಕ್ರಮಕ್ಕೆ, ಅವಳು ನಿಜವಾಗಿ ಬಿತ್ತುತ್ತಿದ್ದದ್ದು ಇದನ್ನು. ಅವಳ ಅತ್ತೆ ಇಟ್ಟುಕೊಂಡು ಬಂದ ತಳಿ, ಸ್ವಲ್ಪ ಉಪ್ಪು ಬಂದರೂ ಸಾಯದು.

"ಒಡೇರ ಕಣಜದಗ್ ಈ ಬೀಜ ಇಲ್ಲ. ಬ್ಯಾರೆ ಹಾಕ್ರೆ ಅಲ್ಲ್ ಏಳ್ದಿಲ್ಲ. ನೀವ್ ಹಾಕ್ಸಿ. ಗದ್ದಿ ಹಡು ಬೀಳೂಕಾಗ ಅಮ್ಮ." ಹಡು ಎಂದರೆ ಬಿತ್ತದೆ ಬಿಟ್ಟ ನೆಲ. ಅಷ್ಟು ಹೇಳಿ ಗಂಟು ಎತ್ತಿಕೊಂಡಳು. ತೆಕ್ಕಟ್ಟೆಯವರೆಗೆ ಕಡೆಯುವ ಕಲ್ಲನ್ನು ನಾನು ಹೊತ್ತುಕೊಂಡು ಹೋದೆ. ಒಡೆಯರ ಮನೆಯ ಹೆಣ್ಣು ಕಲ್ಲು ಹೊತ್ತು ನಡೆದದ್ದನ್ನು ಅಂಗಡಿಯವರೆಲ್ಲ ಎದ್ದು ನಿಂತು ನೋಡಿದರು. ಬೈಂದೂರು ಕಡೆಯ ಬಸ್ಸು ಬಂತು, ಅವಳು ಹತ್ತಿದಳು.

ಆ ಬೀಜವನ್ನು ನಾನು ಮಾವನಿಗೆ ಕೊಡಲಿಲ್ಲ. ಕೊಟ್ಟರೆ ಅವರು ಗೆದ್ದಂತೆ ಆಗುತ್ತದೆ ಎಂಬ ಹಟ. ನನ್ನ ಟ್ರಂ‌ಕಿನಲ್ಲಿ, ಸೀರೆಗಳ ಅಡಿಯಲ್ಲಿ ಇಟ್ಟೆ. ಮಾವ ಆಳು ಕರೆಸಿ, ಹೊಸ ಕೋಣ ಕಟ್ಟಿ, ಕಣಜದ ಭತ್ತ ಬಿತ್ತಿಸಿದರು. ಪೈರು ಎದ್ದಿತು, ನೋಡಲು ಚೆನ್ನಾಗಿಯೇ ಇತ್ತು. ದಂಡೆಯ ಮೇಲೆ ಬೆಳಿಗ್ಗೆ ಬುಟ್ಟಿ ಹೊತ್ತು ನಡೆಯಬೇಕೆಂದು ಆಳುಗಳಿಗೆ ಯಾರೂ ಹೇಳಲಿಲ್ಲ, ಹೇಳಲು ಮಾವನಿಗೆ ಗೊತ್ತೇ ಇರಲಿಲ್ಲ. ನನಗೆ ಗೊತ್ತಿತ್ತು. ಮಳೆ ಇರುವವರೆಗೆ ಸಿಹಿನೀರು ತುಂಬಿ ಹೊಳೆ ಉಪ್ಪನ್ನು ದೂರವಿಟ್ಟಿತು. ಮಳೆ ಹಿಂದಾದ ಮೇಲೆ ಉಬ್ಬರದ ನೀರು ಏಡಿಯ ಬಿಲಗಳಿಂದ ಸದ್ದಿಲ್ಲದೆ ಒಳಗೆ ಬರತೊಡಗಿತು. ಮೊದಲು ಹೊಳೆಯ ಬದಿಯ ಒಂದು ಮೂಲೆ ಕೆಂಪಾಯಿತು. ಎರಡನೆಯ ಬೆಳೆಯ ಹೊತ್ತಿಗೆ ಇಡೀ ಬೈಲಿನ ಮೇಲೆ ತೆಳ್ಳಗೆ ಬಿಳಿ ಪೊರೆ ಕಟ್ಟಿತ್ತು. ಮಾವ ಕೋಲೂರಿಕೊಂಡು ದಂಡೆಯ ಮೇಲೆ ನಿಂತು ಅದನ್ನು ನೋಡುತ್ತಿದ್ದರು. ಯಾಕೆ ಹೀಗಾಯಿತು ಎಂದು ನನ್ನನ್ನು ಒಮ್ಮೆಯೂ ಕೇಳಲಿಲ್ಲ. ಕೋಣಗಳನ್ನು ಮಾರಿದರು.

ಇನ್ನೆರಡು ವರ್ಷಕ್ಕೆ ಮಾವ ತೀರಿಕೊಂಡರು, ಅವರು ಹೇಳಿದಂತೆ ಗದ್ದೆ ನನ್ನ ಪಾಲಿಗೆ ಬಂತು. ನಾನು ಬೈಂದೂರಿಗೆ ಹೋದೆ. ಗದ್ದೆ ನಿನ್ನದು, ಬಾ, ಈಗ ಹೇಳುವವಳು ನಾನೇ ಎನ್ನಲು ಹೋದೆ. ಬೈಲುಮನೆಯಾಕೆ ಮಗಳ ಮನೆಯ ಅಂಗಳದಲ್ಲಿ ಕೂತು ಸೀಗಡಿ ಒಣಗಿಸುತ್ತಿದ್ದಳು. ನನ್ನನ್ನು ಕಂಡೊಡನೆ ಎದ್ದು ನಿಂತಳು. ನಾನು ಬಾಯಿ ತೆರೆಯುವ ಮೊದಲೇ ಅವಳೇ ಕೇಳಿದಳು.

"ಬೀಜ ಹಾಕ್ಸಿರ್ಯಾ ಅಮ್ಮ? ಎದ್ದಿತಾ?"

ಹೇಳಲು ಬಂದದ್ದನ್ನು ಹೇಳದೆಯೇ ಬಸ್ಸು ಹತ್ತಿದೆ. ಮನೆಗೆ ಬಂದು ಟ್ರಂಕಿನಿಂದ ಆ ಕಟ್ಟು ತೆಗೆದೆ. ಒಂದು ಹಿಡಿಯನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ, ದಿನಕ್ಕೆರಡು ಸಲ ನೀರು ಚಿಮುಕಿಸುತ್ತ ಒಲೆಯ ಪಕ್ಕದಲ್ಲಿಟ್ಟೆ. ಎಂಟು ದಿನ ಬಿಟ್ಟು ಬಿಚ್ಚಿ ನೋಡಿದರೆ ಒಂದು ಕಾಳೂ ಮೊಳೆತಿರಲಿಲ್ಲ.